ಆದೇಶ ಅಂದ್ರೆ ಅಪ್ಪಣೆ ಅಲ್ಲ: ಅಡಿಕೆ ಲೆಕ್ಕದಲ್ಲಿ ಎರಡು ಸಮೀಕರಣ

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಇನ್ನೂ ನಿಂತಿರಲಿಲ್ಲ. ಶಾಲೆಗಳಿಗೆ ರಜೆ ಅಂತ ಜಿಲ್ಲಾಧಿಕಾರಿಗಳ ಆದೇಶ ಎಲ್ಲರ ಮೊಬೈಲಿಗೂ ಬಂದಿತ್ತು. ನಾನು ತೀರ್ಥಹಳ್ಳಿ ಹತ್ತಿರ ಅಕ್ಕನ ಮನೆಯಲ್ಲಿದ್ದೆ. ಹತ್ತನೇ ಕ್ಲಾಸಿನ ಅಕ್ಕನ ಮಗಳು ಜಗಲಿಯಲ್ಲಿ ಗಣಿತದ ಪುಸ್ತಕ ಹರಡಿಕೊಂಡು ಕೂತಿದ್ದಳು.

"ಮಾವ, ರಜೆ ಆದೇಶ ಗೊತ್ತು. ಈ ಆದೇಶ ವಿಧಾನ ಅಂದ್ರೆ ಎಂತದು? ಯಾರು ಯಾರಿಗೆ ಆರ್ಡರ್ ಮಾಡೋದು?"

ನಗು ಬಂತು. ಆದರೆ ಪ್ರಶ್ನೆ ಸರಿಯಾಗೇ ಇತ್ತು. ಎರಡು ಸಮೀಕರಣ ಇಟ್ಟುಕೊಂಡು ಗೊತ್ತಿಲ್ಲದ ಎರಡು ಸಂಖ್ಯೆ ಹುಡುಕುವ ಒಂದು ದಾರಿಗೆ ಆದೇಶ ವಿಧಾನ ಅಂತ ಹೆಸರು. ನಾನು ಓದುವಾಗಲೂ ಈ ಹೆಸರನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಬೋರ್ಡಿನ ಮೇಲೆ ಐದು ಹಂತ ಬರೆದರು, ನಾವು ಉರು ಹೊಡೆದೆವು, ಪರೀಕ್ಷೆಯಲ್ಲಿ ನಾಲ್ಕನೇ ಹಂತದಲ್ಲಿ ಸಿಕ್ಕಿಹಾಕಿಕೊಂಡೆವು. ಈಗ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ಅದೇ ಲೆಕ್ಕ ಮಾಡುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ.

ಉತ್ತರ ಇದ್ದದ್ದು ಗಣಿತದ ಪುಸ್ತಕದಲ್ಲಲ್ಲ, ಕನ್ನಡ ವ್ಯಾಕರಣದಲ್ಲಿ.

"ಮಳೆ, ಕಾಲ ಕೂಡಿಸಿದ್ರೆ ಏನಾಗುತ್ತೆ ಪುಟ್ಟಿ?"

"ಮಳೆಗಾಲ. ಆದೇಶ ಸಂಧಿ..." ಅಂದವಳು ಅಲ್ಲೇ ನಿಂತಳು. "ಓ, ಅದೇ ಆದೇಶವಾ?"

ಅದೇ. ಮಳೆಗಾಲದಲ್ಲಿ 'ಕ' ಎದ್ದು ಹೋಗಿ ಅದರ ಜಾಗದಲ್ಲಿ 'ಗ' ಬಂದು ಕೂತಿದೆ. ಬೆಟ್ಟದಾವರೆಯಲ್ಲಿ 'ತ' ಎದ್ದು 'ದ' ಕೂತಿದೆ. ಒಂದರ ಬದಲು ಇನ್ನೊಂದು ಬಂದು ಕೂರುವುದೇ ಆದೇಶ. ಇಲ್ಲಿ ಅಪ್ಪಣೆಯ ಮಾತೇ ಇಲ್ಲ. ಗಣಿತದಲ್ಲೂ ಒಂದು ಅಕ್ಷರ ಎದ್ದು ಹೋಗುತ್ತದೆ, ಅದರ ಜಾಗದಲ್ಲಿ ಬೇರೇನೋ ಕೂರುತ್ತದೆ. ಷರತ್ತು ಒಂದೇ: ಕೂರಲು ಬಂದದ್ದು ಎದ್ದು ಹೋದದ್ದಕ್ಕೆ ಬೆಲೆಯಲ್ಲಿ ಪೂರ್ತಿ ಸಮ ಇರಬೇಕು.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ ಬಸ್ಸಿನ ಕಂಡಕ್ಟರ್ ಹತ್ತಿರ ಕಲಿಯಬಹುದು. ಎರಡು ಫುಲ್ ಟಿಕೆಟ್, ಮೂರು ಹಾಫ್ ಟಿಕೆಟ್, ಒಟ್ಟು 280 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ ಎಷ್ಟು? ಗೊತ್ತಿಲ್ಲದ ದರ ಎರಡು. ಆದರೆ ಒಂದು ಫುಲ್ ಅಂದರೆ ಎರಡು ಹಾಫ್ ಅಲ್ವಾ? ಹಾಗಾದರೆ ಎರಡು ಫುಲ್ ತೆಗೆದು ಆ ಜಾಗದಲ್ಲಿ ನಾಲ್ಕು ಹಾಫ್ ಕೂರಿಸಿ. ನಾಲ್ಕು, ಮೂರು ಸೇರಿ ಏಳು ಹಾಫ್, 280 ರೂಪಾಯಿ. ಹಾಫ್‌ಗೆ 40, ಫುಲ್‌ಗೆ 80.

ಇಲ್ಲಿ ನಡೆದದ್ದನ್ನು ಸ್ವಲ್ಪ ನಿಂತು ನೋಡಿ. ಮೊದಲು ಲೆಕ್ಕದಲ್ಲಿ ಎರಡು ಜಾತಿಯ ಟಿಕೆಟ್ ಇತ್ತು. ಫುಲ್ಲನ್ನು ಹಾಫಿನ ಮಾತಲ್ಲಿ ಹೇಳಿದ ಕೂಡಲೇ ಒಂದೇ ಜಾತಿ ಉಳಿಯಿತು. ಗೊತ್ತಿಲ್ಲದ್ದು ಎರಡಿದ್ದರೆ ತಲೆ ಕೆಡುತ್ತದೆ, ಒಂದಿದ್ದರೆ ಭಾಗಿಸಿದರೆ ಸಾಕು. ಆದೇಶ ವಿಧಾನ ಮಾಡುವುದು ಇದನ್ನೇ: ಎರಡನ್ನು ಒಂದು ಮಾಡುವುದು.

ಈಗ ಮಂಡಿಗೆ ಬನ್ನಿ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ತರಗತಿ. ದರ ದಿನಾ ಏರಿಳಿಯುತ್ತದೆ. ಲೆಕ್ಕ ಸಲೀಸಾಗಲಿ ಅಂತ ನಾನು ರಾಶಿಗೆ ಕ್ವಿಂಟಲ್‌ಗೆ 50,000, ಗೊರಬಲಿಗೆ 30,000 ಅಂತ ಹಿಡಿದೆ. ಬೆಳೆಗಾರರೊಬ್ಬರು ರಾಶಿ, ಗೊರಬಲು ಎರಡೂ ಸೇರಿ 12 ಕ್ವಿಂಟಲ್ ಮಾರಿದ್ದಾರೆ. ಕೈಗೆ ಬಂದದ್ದು 5,40,000 ರೂಪಾಯಿ. ಚೀಟಿ ಮಳೆಗೆ ನೆಂದು ಬಿಡಿ ತೂಕ ಅಳಿಸಿ ಹೋಗಿದೆ. ರಾಶಿ ಎಷ್ಟಿತ್ತು, ಗೊರಬಲು ಎಷ್ಟಿತ್ತು?

ಪುಸ್ತಕದಲ್ಲಾದರೆ ಎಕ್ಸ್, ವೈ ಬರುತ್ತವೆ. ನಾವು ಮಂಡಿಯ ರೂಢಿಯಂತೆ ರಾ, ಗೊ ಅಂತ ಬರೆದುಕೊಂಡೆವು. ಇದರಲ್ಲಿ ಕೀಳರಿಮೆ ಏನೂ ಬೇಡ. ಭಾಸ್ಕರಾಚಾರ್ಯರಂಥ ನಮ್ಮ ಹಳೆಯ ಗಣಿತಜ್ಞರು ಮಾಡಿದ್ದೂ ಇದನ್ನೇ. ಗೊತ್ತಿಲ್ಲದ ಮೊದಲ ಸಂಖ್ಯೆಗೆ 'ಯಾವತ್ತಾವತ್' ಅನ್ನುತ್ತಿದ್ದರು. 'ಎಷ್ಟೋ ಅಷ್ಟು' ಅಂತ ಅರ್ಥ. ಎರಡನೆಯದಕ್ಕೆ ಕಾಲಕ, ಅಂದರೆ ಕಪ್ಪು. ಆಮೇಲೆ ನೀಲಕ, ಪೀತಕ, ಹೀಗೆ ಬಣ್ಣಗಳ ಸಾಲು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ಎಕ್ಸ್, ವೈ ರೂಢಿಗೆ ಬಂದದ್ದು 1637ರಲ್ಲಿ ಫ್ರಾನ್ಸಿನ ದೆಕಾರ್ತೆ ಹಾಗೆ ಬರೆದ ಮೇಲೆ.

ಆದರೆ ಒಂದು ಎಚ್ಚರಿಕೆ. ರಾ ಅಂದರೆ ರಾಶಿ ಅಡಿಕೆ ಅಲ್ಲ. ರಾಶಿ ಅಡಿಕೆ ಎಷ್ಟು ಕ್ವಿಂಟಲ್ ಅನ್ನುವ ಸಂಖ್ಯೆ. ಈ ವ್ಯತ್ಯಾಸ ತೀರಾ ಸಣ್ಣದು ಅನ್ನಿಸುತ್ತದೆ, ಆದರೆ ಮಕ್ಕಳು ಎಡವುವುದೇ ಇಲ್ಲಿ. 'ರಾಶಿ ಗೊರಬಲಿನ ಮೂರು ಪಟ್ಟು' ಅಂತ ಬರಿ ಅಂದೆ. ಅವಳು 3ರಾ = ಗೊ ಅಂತ ಬರೆದಳು. ಮಾತಿನಲ್ಲಿ ರಾಶಿ ಮತ್ತು ಮೂರು ಜೊತೆಯಲ್ಲೇ ಬಂದವಲ್ಲ, ಕೈ ಹಾಗೇ ಓಡುತ್ತದೆ. ಅಕ್ಷರಗಳನ್ನು ಸಂಖ್ಯೆ ಅಂತ ಓದಿ ನೋಡಿ. ರಾಶಿ ಜಾಸ್ತಿ, ಗೊರಬಲು ಕಡಿಮೆ. ಜಾಸ್ತಿ ಇದ್ದದ್ದನ್ನೇ ಮೂರರಿಂದ ಗುಣಿಸಿದರೆ ಕಡಿಮೆ ಇದ್ದದ್ದಕ್ಕೆ ಸಮ ಆಗುವುದು ಹೇಗೆ? ರಾ = 3ಗೊ ಅನ್ನುವುದೇ ಸರಿ.

ಲೆಕ್ಕಕ್ಕೆ ಬರೋಣ. ಸೊನ್ನೆ ಜಾಸ್ತಿ ಆದಷ್ಟೂ ತಪ್ಪು ಜಾಸ್ತಿ, ಹಾಗಾಗಿ ದುಡ್ಡನ್ನು ಸಾವಿರದಲ್ಲಿ ಬರೆದೆವು.

ರಾ + ಗೊ = 12

50ರಾ + 30ಗೊ = 540

ಮೊದಲ ಸಾಲು ತೂಕದ್ದು, ಎರಡನೆಯದು ದುಡ್ಡಿನದ್ದು. ತೂಕದ ಸಾಲೊಂದೇ ಇದ್ದರೆ ಉತ್ತರ ಸಿಗುವುದಿಲ್ಲ. 7 ಮತ್ತು 5 ಆಗಬಹುದು, 10 ಮತ್ತು 2 ಆಗಬಹುದು, ಎಂಟೂವರೆ ಮತ್ತು ಮೂರೂವರೆಯೂ ಆಗಬಹುದು. ಇವನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟರೆ ಒಂದು ನೇರ ಗೆರೆ ಬರುತ್ತದೆ. ದುಡ್ಡಿನ ಸಾಲಿಗೂ ಒಂದು ಗೆರೆ. ಎರಡೂ ಗೆರೆ ಕೂಡುವ ಜಾಗವೇ ನಮಗೆ ಬೇಕಾದ ಉತ್ತರ.

"ಕೂಡ್ಲಿ ತರಾನಾ?" ಅಂದಳು. ತುಂಗೆ, ಭದ್ರೆ ಸೇರುವ ಕೂಡ್ಲಿಗೆ ಹೋದ ವರ್ಷ ಹೋಗಿದ್ದೆವು. ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ತುಂಗೆ, ಭದ್ರೆ ಹುಟ್ಟುವುದೂ ಒಂದೇ ಬೆಟ್ಟದಲ್ಲಿ, ಗಂಗಾಮೂಲದಲ್ಲಿ. ಅಲ್ಲಿಂದ ಬೇರೆಯಾಗಿ ಹರಿದು ಕೂಡ್ಲಿಯಲ್ಲಿ ಮತ್ತೆ ಸೇರುತ್ತವೆ. ಒಟ್ಟು ಎರಡು ಸಲ ಭೇಟಿ. ಹೊಳೆ ಬಳುಕುತ್ತದೆ, ಹಾಗಾಗಿ ಅದಕ್ಕೆ ಸಾಧ್ಯ. ನೇರ ಗೆರೆಗಳಿಗೆ ಆ ಭಾಗ್ಯ ಇಲ್ಲ. ಎರಡು ಬೇರೆ ಬೇರೆ ನೇರ ಗೆರೆ ಒಂದು ಸಲ ಕೂಡಿ ಬೇರೆಯಾದರೆ ಮತ್ತೆ ಯಾವತ್ತೂ ಕೂಡುವುದಿಲ್ಲ. ಹಾಗಾಗಿ ಕೂಡಿದವು ಅಂತಾದರೆ ಉತ್ತರ ಒಂದೇ.

ಮೊದಲ ಸಾಲಿನಲ್ಲಿ ಗೊ ಒಂಟಿಯಾಗಿದೆ, ಅದಕ್ಕೆ ಗುಣಕದ ಭಾರ ಇಲ್ಲ. ಅದನ್ನು ಬೇರೆ ಮಾಡುವುದು ಸುಲಭ:

ಗೊ = 12 − ರಾ

ಇದನ್ನು ಮಾತಲ್ಲಿ ಓದಿ: ಹನ್ನೆರಡರಲ್ಲಿ ರಾಶಿ ಕಳೆದು ಉಳಿದದ್ದು ಗೊರಬಲು. ನಮ್ಮಲ್ಲಿ ಎಷ್ಟೋ ಜನ ಸಮ ಚಿಹ್ನೆ ಕಂಡ ಕೂಡಲೇ 'ಇಲ್ಲಿ ಉತ್ತರ ಬರೆಯಬೇಕು' ಅಂದುಕೊಳ್ಳುತ್ತಾರೆ. ಇಲ್ಲಿ ಅದರ ಅರ್ಥ ಬೇರೆ. ಗೊ ಎಲ್ಲೇ ಕಂಡರೂ ಅದನ್ನು ಎಬ್ಬಿಸಿ ಅಲ್ಲಿ 12 − ರಾ ಕೂರಿಸಬಹುದು ಅನ್ನುವ ಪರವಾನಗಿ ಅದು. ದುಡ್ಡಿನ ಸಾಲಿನಲ್ಲಿ ಗೊ ಇದೆ. ಕೂರಿಸಿದೆವು:

50ರಾ + 30(12 − ರಾ) = 540

ಬ್ರ್ಯಾಕೆಟ್ ನೋಡಿ. ಅದು ಅಲಂಕಾರಕ್ಕೆ ಇರುವುದಲ್ಲ. ಕೂರಲು ಬಂದವರು ಇಬ್ಬರು, 12 ಮತ್ತು ರಾ. ಮೂವತ್ತರ ಗುಣಾಕಾರ ಇಬ್ಬರಿಗೂ ತಾಗಬೇಕು. ಬಿಡಿಸಿದರೆ:

50ರಾ + 360 − 30ರಾ = 540

20ರಾ = 180

ರಾ = 9

ಗೊ = 12 − 9 = 3. ರಾಶಿ ಒಂಬತ್ತು ಕ್ವಿಂಟಲ್, ಗೊರಬಲು ಮೂರು.

20ರಾ = 180 ಅನ್ನುವ ಸಾಲನ್ನು ಹಾಗೇ ದಾಟಿ ಹೋಗಬೇಡಿ. ಈ 20 ಎಲ್ಲಿಂದ ಬಂತು, 180 ಎಲ್ಲಿಂದ ಬಂತು? ನಮ್ಮ ಮಂಡಿಯ ಹಿರಿಯ ಗುಮಾಸ್ತರಿಗೆ ಬೀಜಗಣಿತ ಬರುವುದಿಲ್ಲ. ಅವರು ಬಾಯಲ್ಲೇ ಹೀಗೆ ಮಾಡುತ್ತಾರೆ: "ಹನ್ನೆರಡೂ ಗೊರಬಲೇ ಅಂತ ಹಿಡಿ. ಮೂರು ಲಕ್ಷದ ಅರವತ್ತು ಸಾವಿರ ಆಯ್ತು. ಬಂದದ್ದು ಐದು ನಲವತ್ತು. ಒಂದು ಎಂಬತ್ತು ಜಾಸ್ತಿ ಬಂತಲ್ಲ, ಅದು ರಾಶಿಯಿಂದ. ರಾಶಿಗೆ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ಜಾಸ್ತಿ. ಒಂಬತ್ತು ಕ್ವಿಂಟಲ್." ಅವರ ಮಾತು, ನಮ್ಮ ಸಮೀಕರಣ ಎರಡೂ ಒಂದೇ. 360 ಅಂದರೆ ಎಲ್ಲವೂ ಗೊರಬಲಾಗಿದ್ದರೆ ಬರುತ್ತಿದ್ದ ದುಡ್ಡು. 20 ಅಂದರೆ ಒಂದು ಕ್ವಿಂಟಲ್ ಗೊರಬಲನ್ನು ರಾಶಿಗೆ ಬದಲಾಯಿಸಿದರೆ ಆಗುವ ಲಾಭ. ನನಗಂತೂ ಈ ವಿಧಾನ ನಿಜವಾಗಿ ಅರ್ಥ ಆದದ್ದು ಅವರ ಪಕ್ಕದಲ್ಲಿ ಕೂತ ಮೇಲೆ.

ಇನ್ನು ತಪ್ಪುಗಳ ವಿಷಯ. ಅವಳು ಮೊದಲ ಸಲ ಬ್ರ್ಯಾಕೆಟ್ ಹಾಕದೆ 50ರಾ + 360 − ರಾ = 540 ಅಂತ ಬರೆದಿದ್ದಳು. 49ರಾ = 180 ಆಯಿತು. ರಾ ಸುಮಾರು 3.67, ಗೊ ಸುಮಾರು 8.33. "ಕೂಡಿದ್ರೆ 12 ಬರುತ್ತೆ ಮಾವ, ಸರಿ ಅಲ್ದಾ?" ಅಂದಳು.

ಈ ಮೋಸ ಎಲ್ಲರಿಗೂ ಆಗುತ್ತದೆ. ಗೊ ಸಿಕ್ಕಿದ್ದೇ 12ರಲ್ಲಿ ರಾ ಕಳೆದು. ಮತ್ತೆ ರಾ ಕೂಡಿದರೆ 12 ಬರದೆ ಎಲ್ಲಿ ಹೋಗುತ್ತದೆ? ರಾ ಬೆಲೆ ಏನೇ ತಪ್ಪಾಗಿರಲಿ, ಆ ಸಾಲು ಯಾವಾಗಲೂ ಹೌದು ಅನ್ನುತ್ತದೆ. ಅದು ಮನೆಯವರದೇ ಸಾಕ್ಷಿ. ತಾಳೆ ನೋಡಬೇಕಾದದ್ದು ಇನ್ನೊಂದು ಸಾಲಿನಲ್ಲಿ. 3.67 ಕ್ವಿಂಟಲ್ ರಾಶಿ, 8.33 ಕ್ವಿಂಟಲ್ ಗೊರಬಲಿಗೆ ದುಡ್ಡು ಹಾಕಿದರೆ ಸುಮಾರು 4,33,000 ಬರುತ್ತದೆ. ಬಂದಿದ್ದು 5,40,000. ಒಂದು ಲಕ್ಷಕ್ಕೂ ಮೇಲೆ ವ್ಯತ್ಯಾಸ. ಮಂಡಿಯಲ್ಲಿ ಇಂಥ ತಪ್ಪು ಮಾಡಿದರೆ ಸಂಜೆ ಮನೆಗೆ ಹೋಗಲು ಬಿಡುವುದಿಲ್ಲ. ಅದೇ 9 ಮತ್ತು 3 ಹಾಕಿ: 450, 90, ಕೂಡಿದರೆ 540. ತಾಳೆ ಆಯಿತು.

ಇನ್ನೊಂದು ತಪ್ಪು ಇದರ ತಮ್ಮ. ಗೊ = 12 − ರಾ ಅಂತ ಬರೆದುಕೊಂಡು ಅದನ್ನು ಅದೇ ಮೊದಲ ಸಾಲಿಗೇ ಕೂರಿಸುವುದು. ರಾ + 12 − ರಾ = 12. ಅಂದರೆ 12 = 12. ರಾ ಮಾಯ. ಲೆಕ್ಕ ಕೈಕೊಟ್ಟಿತು ಅಂತ ಪೆನ್ನು ಇಟ್ಟುಬಿಡುತ್ತಾರೆ. ಕೈಕೊಟ್ಟದ್ದೇನೂ ಇಲ್ಲ, ತೂಕದ ಸುದ್ದಿಯನ್ನು ತೂಕಕ್ಕೇ ಹೇಳಿದಿರಿ, ಅಷ್ಟೇ. ದುಡ್ಡಿನ ಸುದ್ದಿ ಇನ್ನೂ ಹಾಗೇ ಕೂತಿದೆ, ಅಲ್ಲಿಗೆ ಹೋಗಿ.

ಯಾವ ಅಕ್ಷರ ಬೇರೆ ಮಾಡಬೇಕು ಅನ್ನುವುದಕ್ಕೆ ನಿಯಮ ಇಲ್ಲ, ಸೋಮಾರಿತನವೇ ನಿಯಮ. ಮುಂದೆ ಸಂಖ್ಯೆ ಇಲ್ಲದೆ ಒಂಟಿಯಾಗಿರುವ ಅಕ್ಷರ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಯಾವುದನ್ನು ಹಿಡಿದರೂ ಉತ್ತರ ಅದೇ, ದಾರಿ ಮಾತ್ರ ಉದ್ದ ಆಗಬಹುದು. ಕೆಲವೊಮ್ಮೆ ಸಂಬಂಧ ಮೊದಲೇ ಸಿದ್ಧವಾಗಿ ಸಿಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಎಷ್ಟೋ ಸುಣ್ಣ ಅಷ್ಟೇ. ಎರಡೂ ಸೇರಿ 14 ಕೆಜಿ ಮುಗಿಯಿತು ಅಂದರೆ ಏಳು, ಏಳು, 700 ಲೀಟರ್ ಹೊಡೆದಿದ್ದಾರೆ. ಇದಕ್ಕೆ ಪೆನ್ನೂ ಬೇಡ.

ಒಂಟಿ ಅಕ್ಷರ ಎಲ್ಲೂ ಇಲ್ಲದಿದ್ದರೆ? ಅದಕ್ಕೆ ಸಾವಿರದ ಇನ್ನೂರು ವರ್ಷದ ಹತ್ತಿರ ಹಳೆಯದಾದ ಒಂದು ಲೆಕ್ಕ ಇದೆ, ಅದೂ ನಮ್ಮ ನಾಡಿನದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಅನ್ನುವ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಬರುವ ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಸೇರಿ 107. 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಹೇಳು. ಮಾದಲ ಅಂದರೆ ನಮ್ಮ ಹೇರಳೆಕಾಯಿಯ ನೆಂಟ.

9ಮಾ + 7ಬೇ = 107

7ಮಾ + 9ಬೇ = 101

ಮೊದಲ ಸಾಲಿಂದ ಮಾ = (107 − 7ಬೇ) ÷ 9. ಇದನ್ನು ಎರಡನೇ ಸಾಲಿಗೆ ಕೂರಿಸಿದರೆ ಒಂಬತ್ತರ ಭಾಗಾಕಾರ ಬೆನ್ನು ಹತ್ತಿ ಬರುತ್ತದೆ. ಹೆದರಬೇಡಿ, ಇಡೀ ಸಾಲನ್ನು 9ರಿಂದ ಗುಣಿಸಿ:

749 − 49ಬೇ + 81ಬೇ = 909

32ಬೇ = 160

ಬೇ = 5

ಮಾ = (107 − 35) ÷ 9 = 8. ಎರಡನೇ ಸಾಲಿನಲ್ಲಿ ತಾಳೆ: 56 + 45 = 101. ಸರಿ.

ಇಲ್ಲಿ ಹಟ ಹಿಡಿದು ಆದೇಶವೊಂದನ್ನೇ ಮಾಡಬೇಕು ಅಂತಿಲ್ಲ. ಸಂಖ್ಯೆಗಳನ್ನು ಸುಮ್ನೆ ನೋಡಿ: 9, 7 ಇದ್ದದ್ದು ಕೆಳಗೆ 7, 9 ಆಗಿದೆ. ಎರಡೂ ಸಾಲು ಕೂಡಿದರೆ ಎರಡೂ ಹಣ್ಣು 16, 16, ಒಟ್ಟು 208. ಹದಿನಾರರಿಂದ ಭಾಗಿಸಿದರೆ ಒಂದು ಮಾದಲ, ಒಂದು ಬೇಲ ಸೇರಿ 13. ಒಂದರಿಂದ ಇನ್ನೊಂದು ಸಾಲು ಕಳೆದರೆ ಎರಡು ಮಾದಲ ಎರಡು ಬೇಲಕ್ಕಿಂತ 6 ಜಾಸ್ತಿ, ಅಂದರೆ ಮಾ = ಬೇ + 3. ಈಗ ಆದೇಶ ಮಾಡಿ: ಬೇ + 3 + ಬೇ = 13. ಬೇ = 5. ಹೀಗೆ ಸಾಲುಗಳನ್ನು ಕೂಡಿ, ಕಳೆದು ಒಂದು ಅಕ್ಷರ ತೆಗೆದುಹಾಕುವುದಕ್ಕೆ ವರ್ಜಿಸುವ ವಿಧಾನ ಅಂತಾರೆ. ಪುಸ್ತಕದಲ್ಲಿ ಅದನ್ನೂ ಆದೇಶ ವಿಧಾನವನ್ನೂ ಬೇರೆ ಬೇರೆ ಮಾಡಿರುತ್ತಾರೆ. ಕೆಲಸಕ್ಕೆ ಕೂತಾಗ ಕತ್ತಿ, ಗುದ್ದಲಿ ಎರಡನ್ನೂ ಹಿಡಿದುಕೊಂಡೇ ತೋಟಕ್ಕೆ ಹೋಗುತ್ತೇವಲ್ಲ, ಹಾಗೆ.

ರಾಶಿ, ಗೊರಬಲಿನ ಜೊತೆ ಬೆಟ್ಟೆಯೂ ಬಂದರೆ ಗೊತ್ತಿಲ್ಲದ್ದು ಮೂರು. ಆಗ ಮೂರು ಸಾಲು ಸುದ್ದಿ ಬೇಕು. ಒಂದನ್ನು ಎಬ್ಬಿಸಿದರೆ ಮೂರು ಎರಡಾಗುತ್ತದೆ, ಇನ್ನೊಂದನ್ನು ಎಬ್ಬಿಸಿದರೆ ಎರಡು ಒಂದಾಗುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಕೈಯಲ್ಲಿ ಮಾಡುವುದು ಬೇಜಾರಿನ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಮಳೆ ಸ್ವಲ್ಪ ಹೊಳವಾಯಿತು. ಅಕ್ಕ ಕಾಫಿ ತಂದಿಟ್ಟಳು. ಪುಟ್ಟಿ ನನಗೇ ಒಂದು ಲೆಕ್ಕ ಕೊಟ್ಟಳು: "ಒಂದು ಮಸಾಲೆ ದೋಸೆ, ಎರಡು ಕಾಫಿಗೆ 100 ರೂಪಾಯಿ. ಪಕ್ಕದ ಟೇಬಲ್ಲಿನವರು ಎರಡು ದೋಸೆ, ನಾಲ್ಕು ಕಾಫಿ ತಗೊಂಡು 200 ಕೊಟ್ರು. ದೋಸೆಗೆಷ್ಟು, ಕಾಫಿಗೆಷ್ಟು?"

ನೇರವಾಗಿ ಹೊರಟೆ. ದೋ = 100 − 2ಕಾ. ಎರಡನೇ ಸಾಲಿಗೆ ಕೂರಿಸಿದೆ: 2(100 − 2ಕಾ) + 4ಕಾ = 200. ಬಿಡಿಸಿದರೆ 200 − 4ಕಾ + 4ಕಾ = 200. ಅಂದರೆ 200 = 200. ಕಾಫಿ ಕಾಣೆಯಾಯಿತು! ಈ ಸಲ ನಾನು ಅದೇ ಸಾಲಿಗೆ ಕೂರಿಸಿರಲಿಲ್ಲ, ಬ್ರ್ಯಾಕೆಟ್ಟೂ ಸರಿಯಿತ್ತು. ಅವಳು ಕಿಸಕ್ಕನೆ ನಕ್ಕಳು. ಪಕ್ಕದ ಟೇಬಲ್ ಬಿಲ್ಲು ನಮ್ಮ ಬಿಲ್ಲಿನ ಎರಡು ಪಟ್ಟು, ಅಷ್ಟೇ. ಹೊಸ ಸುದ್ದಿ ಏನೂ ಅದರಲ್ಲಿಲ್ಲ. ದೋಸೆ 60, ಕಾಫಿ 20 ಇರಬಹುದು. ದೋಸೆ 70, ಕಾಫಿ 15 ಇರಬಹುದು. ಗ್ರಾಫ್ ಹಾಳೆಯಲ್ಲಿ ಎರಡೂ ಗೆರೆ ಒಂದರ ಮೇಲೊಂದು ಮಲಗಿರುತ್ತವೆ, ಎಲ್ಲಿ ಮುಟ್ಟಿದರೂ ಉತ್ತರ.

"ಸರಿ, 200 ಅಲ್ಲ, 210 ಕೊಟ್ರು ಅಂತ ಮಾಡು," ಅಂದೆ. ಈ ಸಲ ಪೆನ್ನು ಅವಳ ಕೈಯಲ್ಲಿತ್ತು. ಕೂರಿಸಿದಳು, ಬಿಡಿಸಿದಳು, ಕಾಫಿ ಮತ್ತೆ ಮಾಯವಾಯಿತು. ಹಾಳೆಯ ಮೇಲೆ 200 = 210 ಅಂತ ಉಳಿಯಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಬ್ರ್ಯಾಕೆಟ್ ಇನ್ನೊಂದು ಸಲ ಬಿಡಿಸಿ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹೇಳಿದಳು:

"ಉತ್ತರ ಇಲ್ಲ ಮಾವ. ಹೋಟೆಲಿನವ ಆ ಟೇಬಲ್ಲಿಗೆ ಹತ್ತು ರೂಪಾಯಿ ಜಾಸ್ತಿ ಹಾಕಿದಾನೆ."